ಪ್ರಶ್ನೆ ಹದಿನಾಲ್ಕು

ಬಂದರಿನಿಂದ ಬೆಂಗ್ರೆಗೆ ಫೆರಿ ಹತ್ತುವಾಗ
ಚೀಲದಲ್ಲಿ ನಲವತ್ತು ನಮೂನೆ, ಎರಡು ಪೆನ್ನು,
ಯಾರಿಗೂ ಕಾಣದ ಒಂದು ಅಳುಕು:
ತಿಂಗಳ ಕೊನೆಗೆ ನನ್ನ ಮೊಬೈಲು ಟಿಣ್ ಅನ್ನುತ್ತದೆ.
ಬ್ಯಾಂಕಿನಲ್ಲಿ ಮೂವತ್ತಮೂರು ವರ್ಷ ಕೂತದ್ದಕ್ಕೆ
ಈಗ ಸುಮ್ಮನೆ ಕೂತರೂ ಸಂಬಳ.

ಸಂಶೋಧನೆ ಐರಿನ್‌ಳದು. ನಾನು ಬಿಟ್ಟಿ ಸಹಾಯಕ.
"ಉತ್ತರವನ್ನು ನೀವು ಬಾಯಿಗಿಡಬೇಡಿ ಸರ್,
ಅವರು ಸುಮ್ಮನಿದ್ದರೆ
ಆ ಸುಮ್ಮನಿರುವುದನ್ನೂ ಬರೆದುಕೊಳ್ಳಿ."

ಪ್ರಶ್ನೆ ಹದಿನಾಲ್ಕು:
ನಿವೃತ್ತಿಯ ಬಳಿಕ ತಮಗೆ ತಿಂಗಳಿಗೆ ಎಷ್ಟು ಹಣ ಅಗತ್ಯ?

ಅಪ್ಪಿ ಅಕ್ಕ ತಡ್ಪೆ ಮಡಿಲಲ್ಲಿಟ್ಟು ಎಲೆ ಕತ್ತರಿಸುತ್ತಿದ್ದರು.
"ನಿವೃತ್ತಿ ಅಂದರೆ?"
ಕೆಲಸ ನಿಲ್ಲಿಸಿದ ಮೇಲೆ, ಅಂದೆ.
"ನಿಲ್ಲಿಸಿದರೆ ತಾನೆ."
ಕತ್ತರಿ ನಿಲ್ಲಲಿಲ್ಲ.
ಪಿಎಫ್ ಪುಸ್ತಕದಲ್ಲಿ ಅವರು ಅಪ್ಪಿ,
ಆಧಾರ್ ಕಾರ್ಡಿನಲ್ಲಿ ಅಪ್ಪು.
ಗುಡಿಸು ಹೋಗಿ ಕೊಂಬು ಮೂಡಿ ಆರು ವರ್ಷ.
ಪಿಂಚಣಿ ಆ ಕೊಂಬಿಗೇ ಸಿಕ್ಕಿಕೊಂಡಿದೆ.

ಬೀಫಾತಿಮ್ಮ ಕುತ್ತಿಗೆ ಮುಟ್ಟಿ ನಕ್ಕರು:
"ನನ್ನ ಸರ ಒಂಬತ್ತು ಸಲ ಬ್ಯಾಂಕು ಕಂಡಿದೆ,
ನಾನು ಕಂಡದ್ದು ಮೂರೇ ಸಲ.
ಅದಕ್ಕೇ ಕೇಳಿ, ಅದಕ್ಕೆ ಗೊತ್ತಿದೆ."
ಬರೆದುಕೊಂಡೆ. ಯಾವ ಕಾಲಮ್ಮಿನಲ್ಲೆಂದು ತಿಳಿಯಲಿಲ್ಲ.

ಹಂಪನಕಟ್ಟೆಯಲ್ಲಿ ಪಿಗ್ಮಿಯ ವಾಮನ ಶೆಣೈ.
ಇಪ್ಪತ್ತೊಂಬತ್ತು ವರ್ಷ, ಅಂಗಡಿಯಿಂದ ಅಂಗಡಿಗೆ,
ಪರರ ನಾಳೆಗಳನ್ನು ಹತ್ತು ಹತ್ತೇ ರೂಪಾಯಿಯಾಗಿ ಕೂಡಿಸಿದವರು.
ಹೂವಿನವಳ ಮಗಳ ನರ್ಸಿಂಗು,
ಎಳನೀರಿನವನ ಮನೆಯ ಹೊಸ ಹೆಂಚು
ಅವರ ಚೀಲದೊಳಗಿಂದಲೇ ಹಾದುಹೋದವು.
ನಿಮಗೆ? ಅಂದೆ.
"ನಾನು ಏಜೆಂಟು ಮಾರಾಯ್ರೆ, ಸಿಬ್ಬಂದಿಯಲ್ಲ.
ಪಿಗ್ಮಿ ಕಟ್ಟಿಸುವವನಿಂದ
ಪಿಗ್ಮಿ ಕಟ್ಟಿಸಿಕೊಳ್ಳಲು ಯಾರು ಬರುತ್ತಾರೆ?"
ಹೆಗಲ ಮೇಲೆ ಅಂಗಿ ಸವೆದಿತ್ತು, ಪಟ್ಟಿಯಷ್ಟೇ ಅಗಲಕ್ಕೆ.
ಎಷ್ಟೋ ಸಲ ಅವರ ಎಣಿಕೆಯ ಚೀಟಿಗೆ
ಕೌಂಟರಿನ ಈಚೆಯಿಂದ ಮೊಹರು ಒತ್ತಿದವನು ನಾನೇ.
ಆಗ ಹೆಗಲು ಕಂಡಿರಲಿಲ್ಲ.

ಜೆಪ್ಪುವಿನ ಶಾಲೆಯೊಂದರ ಹಾಲಿನಲ್ಲಿ ಸಾರ್ವಜನಿಕ ಸಂವಾದ.
ಐರಿನ್ ಹಟ ಹಿಡಿದಿದ್ದಳು:
ಯಾರನ್ನು ಕೇಳಿದೆವೋ ಅವರ ಮುಂದೆಯೇ ಓದಬೇಕು ವರದಿ.
ಫ್ಯಾನು ತಿರುಗಿದ್ದು ಶಬ್ದಕ್ಕೆ ಮಾತ್ರ.
ಗೋಡೆಯ ಮೇಲೊಂದು ನೀಲಿ ಗೆರೆ,
ಬೆಲೆ ಏರಿದ ಹಾಗೆ ಅದೂ ಏರಿ
ಗಾಂಧಿ ಪಟದ ಚೌಕಟ್ಟಿಗೆ ತಾಗಿ ನಿಂತಿತ್ತು.

ವೇದಿಕೆಯವರೊಬ್ಬರು ಅಂದರು, ಒಳ್ಳೆಯ ಮನಸ್ಸಿನಿಂದಲೇ:
"ನಮ್ಮ ಜನಕ್ಕೆ ಉಳಿತಾಯದ ಅರಿವು ಸಾಲದು."

ಹಿಂದಿನ ಬೆಂಚಿನಿಂದ ಅಪ್ಪಿ ಅಕ್ಕ ಎದ್ದರು.
ಮೈಕು ಅವರ ತನಕ ಹೋಗಲಿಲ್ಲ, ಬೇಕಾಗಲೂ ಇಲ್ಲ.
"ಸಾವಿರ ಬೀಡಿ ಕಟ್ಟಿದರೆ ನೂರು ಹಾಳೆಂದು ಬದಿಗಿಡ್ತಾರೆ.
ಬದಿಗಿಟ್ಟದ್ದನ್ನು ಬಿಸಾಡ್ತಾರಾ? ಇಲ್ಲ.
ನಲವತ್ತೊಂದು ವರ್ಷ ಸ್ವಾಮೀ.
ಆ ನೂರು ನೂರನ್ನು ಕೂಡಿಸಿ ಹೇಳಿ,
ಅದು ಯಾರ ಉಳಿತಾಯ?"

ನೀಲಿ ಗೆರೆಯ ಹತ್ತಿರ ಇದ್ದವರು
ಜೇಬಿನಿಂದ ಪೆನ್ನು ತೆಗೆದರು.
ಬರೆದರೋ ಇಲ್ಲವೋ, ನನ್ನ ಕುರ್ಚಿಯಿಂದ ಕಾಣಲಿಲ್ಲ.
ಕೂಡಿಸತೊಡಗಿದ್ದು ವಾಮನ ಶೆಣೈ,
ತುಟಿಯಲ್ಲೇ, ಹಳೆಯ ಚಾಳಿಯಂತೆ.

ನಲವತ್ತು ನಮೂನೆಯಲ್ಲಿ
ಹದಿನಾಲ್ಕನೆಯ ಜಾಗ ಇಪ್ಪತ್ತಾರರಲ್ಲಿ ಖಾಲಿ.
ಐರಿನ್ ಅಲ್ಲಿ 'ಉತ್ತರವಿಲ್ಲ' ಎಂದು ಬರೆದಿಲ್ಲ.
'ಎಲೆ ಕತ್ತರಿಸುತ್ತಿದ್ದರು' ಎಂದಿದ್ದಾಳೆ,
'ಮೀನು ಎಣಿಸುತ್ತಿದ್ದರು', 'ಬಸ್ಸು ಬಂತು'.

ಸಭೆ ಮುಗಿದು ಚಹಾ ಹಿಡಿದು ನಿಂತಾಗ
ಮೊಬೈಲು ಟಿಣ್ ಅಂದಿತು. ತಿಂಗಳ ಕೊನೆ.
ಅಪ್ಪಿ ಅಕ್ಕ ನನ್ನ ಜೇಬನ್ನೇ ನೋಡಿ,
ಚುಚ್ಚಲಿಕ್ಕಲ್ಲ, ನಿಜಕ್ಕೂ ತಿಳಿಯಲೆಂದು ಕೇಳಿದರು:
"ಈರೆಗ್ ಏತ್ ಬೋಡು?"
ನಿಮಗೆ ಎಷ್ಟು ಬೇಕು.

ಸುಮ್ಮನಿದ್ದೆ.
ನಾನು ಎಲೆ ಕತ್ತರಿಸುತ್ತಿರಲಿಲ್ಲ.