ಹೆಪ್ಪು

ರಾತ್ರಿ ಹನ್ನೊಂದಕ್ಕೆ ಅಪ್‌ಗ್ರೇಡ್ ಮುಗಿಯಿತು, ನಾರಿನ್‌ನಲ್ಲಿ.
ಹೊರಗೆ ಮೈನಸ್ ಇಪ್ಪತ್ತಾರು. ಒಳಗೆ ನಾನು, ಒಂದು ಹೀಟರು,
ಹತ್ತೊಂಬತ್ತು ವರ್ಷ ಕೆಮ್ಮದೆ ಓಡಿದ
ತೊಕ್ತೊಸುನ್ ಬರೆದ ಪ್ರೋಗ್ರಾಮು:
ಬೆಟ್ಟದ ಹನ್ನೆರಡು ಕಡೆ ಹೂತಿಟ್ಟ ಕಿವಿಗಳಿಂದ
ನೆಲದ ನಡುಕ ಆಲಿಸಿ
ಗೆರೆ ಎಳೆಯುವುದು ಅದರ ಕಸುಬು.

ಈಗ ಕರೆದರೆ ಒಂದೇ ಮಾತು:
ಹಂಚಿಕೆಯ ಲೈಬ್ರರಿ ತೆರೆಯಲಾಗಲಿಲ್ಲ. ಅಂಥ ಫೈಲು ಇಲ್ಲ.

ಇದೆಯಲ್ಲ ಮಹರಾಯ, ಕಣ್ಣೆದುರೇ ಇದ್ದೀಯ,
ನಿನ್ನದೊಂದು ಅಕ್ಷರವೂ ಕದಲಿಲ್ಲ.
ಯಾರ ಯಾರ ಹಂಗಿನಲ್ಲಿದ್ದೀಯ, ಹೇಳು.
ಪಟ್ಟಿ ಕೊಟ್ಟಿತು.
ಗಣಿತ, ಇದೆ. ಗಡಿಯಾರ, ಇದೆ.
ಫೋರ್ಟ್ರಾನ್, ಮೂರನೆಯದು:
ಸಿಗಲಿಲ್ಲ.

ಅಜ್ಜಿ ಕುಮಿಸ್‌ಗೆಂದು ಹೆಪ್ಪು ಇಟ್ಟುಕೊಂಡವಳೇ ಅಲ್ಲ,
ಪಕ್ಕದ ಡೇರೆಯಲ್ಲಿ ಬುರುಲ್ಚಾ ಇದ್ದಳಲ್ಲ.
ಒಬ್ಬಳ ಚೀಲದಲ್ಲಿದ್ದರೆ ಸಾಕು
ಇಡೀ ಹುಲ್ಲುಗಾವಲಿಗೆ.
ಒಂದು ಬೇಸಗೆ ಬುರುಲ್ಚಾ ಬರಲಿಲ್ಲ.
ಕುದುರೆ ಇತ್ತು, ಹಾಲು ಇತ್ತು, ಕಡೆಯುವ ಕೋಲೂ ಇತ್ತು.

ಒಂದು ಗಂಟೆಗೆ ಕಳ್ಳದಾರಿ ಹಿಡಿದೆ:
ಐದನೆಯದರ ಬೆನ್ನಿಗೆ 'ಮೂರು' ಎಂದು ಚೀಟಿ ಅಂಟಿಸಿದೆ.
ಎದ್ದಿತು! ಎರಡು ಗೆರೆ ಎಳೆಯಿತು.
ಹಳೆಯ ಹೆಸರೊಂದನ್ನು ಹಿಡಿದು ಕೂಗಿತು,
ಯಾರೂ ಓಗೊಡಲಿಲ್ಲ,
ಕುಸಿಯಿತು.

ಓಶ್‌ನಲ್ಲಿ ಮಗಳ ಮನೆಯಲ್ಲಿದ್ದಾನೆ ತೊಕ್ತೊಸುನ್.
ಎರಡು ಗಂಟೆಯ ಫೋನಿಗೆ ಬೈಯಲಿಲ್ಲ. ಕೇಳಿದ್ದಿಷ್ಟೇ:
'ಬೀರುವಿನಲ್ಲಿ ನನ್ನ ಉಣ್ಣೆ ಟೋಪಿ ಇತ್ತು, ಎಸೆದಿರಾ?'
ಇಲ್ಲ.
'ಅದರ ಕೆಳಗೆ ಹಳೇ ಡಿಸ್ಕು.'

ಅದರಿಂದ ತೆಗೆದ ಮೂರನೆಯದನ್ನು ಬೇರೆ ಕೋಣೆಯಲ್ಲಿಟ್ಟೆ,
ಹೊಸಬರ ಕಾಲಿಗೆ ತೊಡರದ ಹಾಗೆ.
ವಿಳಾಸವನ್ನು ಆ ಪ್ರೋಗ್ರಾಮಿನ ಕಿವಿಗಷ್ಟೇ ಹೇಳಿದೆ.
ಟೋಪಿ ಮಾತ್ರ ನನ್ನ ತಲೆ ಮೇಲೇ ಇತ್ತು, ಬೆಳಗಿನ ತನಕ.

ಮೂರು ನಲವತ್ತಕ್ಕೆ ಗೆರೆ ಮತ್ತೆ ಹರಿಯಿತು.
ಅದರ ಹಿಂದೆ, ಹನ್ನೊಂದರವರೆಗೂ, ಬರೀ ಬಿಳಿ.

ಒಂದೂವರೆಯ ಹೊತ್ತಿಗೆ ಚಹಾದ ಬಟ್ಟಲು
ತಟ್ಟೆಯ ಮೇಲೆ ಟಿಣ್ ಅಂದದ್ದು ನಿಜ.
ಲಾರಿ ಇರಬಹುದು.
ಹೀಟರಿನ ಫ್ಯಾನು ಇರಬಹುದು.
ದಾಖಲೆ ಪುಸ್ತಕದಲ್ಲಿ ಕಾರಣದ ಅಂಕಣಕ್ಕೆ
'ಲೈಬ್ರರಿ ಇರಲಿಲ್ಲ' ಎಂದು ಬರೆದು
ಜಿಪಾರ್ ಎಂದು ಸಹಿ ಹಾಕಿದೆ.
ಬಟ್ಟಲಿನ ವಿಷಯ ಬರೆಯಲು
ಅಂಕಣವೇ ಇರಲಿಲ್ಲ.