ಗಾಮಾದಲ್ಲಿ ಮೂರು

ಡಬ್ಬದ ತೂಕ ಇಪ್ಪತ್ತಮೂರು ಕಿಲೋ,
ಅರ್ಧ ಮೂಟೆ ಕಾಫಿಗಿಂತ ಚೂರು ಕಡಿಮೆ.
ಕಾಗದದಲ್ಲಿ ಅದರ ಹೆಸರು ರಿಮೋಟ್ ರೇಡಿಯೋ ಯೂನಿಟ್ಟು,
ನನಗೂ ಉಬೈದನಿಗೂ ಡಬ್ಬ.
ಐದು ವರ್ಷದ ಹಿಂದೆ ರಾಟೆ ಕಟ್ಟಿ ಅವನು ಎಳೆದ,
ಮೂವತ್ತೆಂಟು ಮೀಟರಿನಲ್ಲಿ ನಾನು ಹಿಡಿದೆ.

ಆಲ್ಫಾ ಸಿದ್ದಾಪುರದ ರಸ್ತೆಗೆ,
ಬೀಟಾ ರೆಸಾರ್ಟಿಗೆ,
ಗಾಮಾ ಮಾತ್ರ ಮಾಲ್ದಾರೆಯಾಚೆ,
ತೋಟ ಮುಗಿದು ಆನೆ ಕಂದಕ ಶುರುವಾಗುವ ಕಡೆಗೆ.

ಮಳೆಗಾಲದಲ್ಲಿ ನನ್ನನ್ನು ಕರೆಯುವುದು ಗಾಮಾ ಒಂದೇ.
ಒಮ್ಮೆ ಜಂಪರ್ ಕೇಬಲ್ಲಿನ ಗಂಟಿನೊಳಗೆ ನೀರು;
ಬಿಚ್ಚಿದರೆ ಉದುರಿದ್ದು ಮೂರು ಹನಿ,
ಅಷ್ಟಕ್ಕೇ ಎರಡು ದಿನ ಮಾತು ನಿಂತಿತ್ತು.
ಒಮ್ಮೆ ಸಿಡಿಲು.
ಒಮ್ಮೆ ಡಬ್ಬದ ಬೆಚ್ಚನೆ ಬೆನ್ನಿಗೆ ಗೂಡು ಮೆತ್ತಿದ ಕಡಜ;
ಬಾತ ಬೆರಳಲ್ಲೇ ಟೇಪು ಸುತ್ತಿದೆ.
ಮೊದಲು ರಬ್ಬರು, ಅದರ ಮೇಲೆ ಪ್ಲಾಸ್ಟಿಕ್ಕು,
ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದ ಹಾಗೆ.
ಮೇಲಿನಿಂದ ಸುತ್ತುವವನು
ಮಳೆಯನ್ನು ಕೈಹಿಡಿದು ಒಳಗೆ ಕರೆದ ಹಾಗೆ,
ಅನ್ನುತ್ತಿದ್ದರು ಕಲಿಸಿದ ಬೆಳ್ಯಪ್ಪನವರು.
ಅವರಿಗೀಗ ಮಂಡಿ ನೋವು,
ಏಣಿ ಕಂಡರೆ ಬೈಯುತ್ತಾರೆ.

ಪುತ್ತರಿ ಕಳೆದ ವಾರ ಮೈಸೂರಿನಿಂದ ಆದೇಶ ಬಂತು.
ಗಾಮಾದಲ್ಲಿ ದಿನಕ್ಕೆ ಮೂರು ಫೋನು,
ರೆಸಾರ್ಟಿನಲ್ಲಿ ಶನಿವಾರ ನಾನೂರು.
ಗಾಮಾ ಇಳಿಸಿ, ಆ ಕಡೆ ಕಟ್ಟಿ.
ಲೆಕ್ಕದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಒಂದು ಫೋನು ಬೊಳ್ಕನದು, ಆನೆ ಕಾವಲಿನವನು.
ಶಾಲೆ ಬಿಡುವ ಮುಂಚೆ ದಿನವೂ ಹೇಳುತ್ತಾನೆ:
"ಏಳು ಉಂಟು. ಮರಿ ಉಂಟು. ಮೇಲಿನ ದಾರಿಯಲ್ಲಿ ಬನ್ನಿ."
ಇಳಿಸುತ್ತಾರಂತೆ ಅಂದೆ.
"ಕೂಗ್ತೇನೆ ಬಿಡಿ, ಮೊದಲು ಕೂಗ್ತಾ ಇದ್ದೆವಲ್ಲ" ಅಂದ.
ಇನ್ನೊಂದು ಆಶಾ ಕೆಲಸದ ಸರಸುವಿನದು.
ಅವಳು ಏನೂ ಅನ್ನಲಿಲ್ಲ,
ಹೆರಿಗೆಯ ತಾರೀಕುಗಳಿದ್ದ ವಹಿಯನ್ನು ತೆರೆದು
ಮತ್ತೆ ಮುಚ್ಚಿದಳು.
ಮೂರನೆಯದು ಯಾರದೋ.
ಸಂಜೆ ಆರು ಹತ್ತಕ್ಕೆ ಬರುತ್ತದೆ,
ನಾಲ್ಕು ನಿಮಿಷ ಇದ್ದು ಆರಿಹೋಗುತ್ತದೆ.
ಯಾರಿಗೆ ಹೋಗಿ ಹೇಳಲಿ?

ಇವತ್ತು ದಾರಿಯಲ್ಲಿ ಒಂಟಿ ಸಲಗ ನಿಂತು
ಜೀಪು ತಡವಾಯಿತು.
ಹತ್ತಿ ಹಗ್ಗ ಬಿಗಿದು, ನಾಲ್ಕು ಬೋಲ್ಟಿನಲ್ಲಿ ಮೂರು ಬಿಚ್ಚಿ
ಮೈಸೂರಿಗೆ ಫೋನು ಹಚ್ಚಿದೆ.
"ಶಮಂತಾ, ಗಾಮಾದಲ್ಲಿ ಎಷ್ಟು?"
"ಎರಡು ಸಾರ್... ಇರಿ, ಮೂರಾಯ್ತು. ಈಗಷ್ಟೇ."

ನಾಲ್ಕು ನಿಮಿಷ ತಾನೆ.
ಬೆಲ್ಟಿಗೆ ಸೊಂಟ ಕೊಟ್ಟು ಒರಗಿದೆ,
ಡಬ್ಬದ ಮೇಲೆ ಕೈಯಿಟ್ಟೆ.
ಮಾತು ಕೈಗೆ ತಾಗುವುದಿಲ್ಲ, ಬಿಸಿ ತಾಗುತ್ತದೆ.
ಯಾರೂ ಮಾತಾಡದಿದ್ದಾಗಲೂ ಅದೇ ಬಿಸಿ.

ಆರು ಹದಿನಾಲ್ಕು. "ಹೋಯ್ತಾ?"
"ಇಲ್ಲ ಸಾರ್, ಇದೆ."
ಆರು ಇಪ್ಪತ್ತು.
ಕೆಳಗಿಂದ ಉಬೈದ್ ಟಾರ್ಚು ಬಿಟ್ಟ:
"ಇಳಿಸ್ತೀಯಾ, ಅಲ್ಲೇ ಮಲಗ್ತೀಯಾ?"
ರೆಸಾರ್ಟು ದೀಪಗಳನ್ನೆಲ್ಲ ಒಟ್ಟಿಗೆ ಹಚ್ಚಿಕೊಂಡಿತು.
ಗಾಮಾದ ಕಡೆ ಕತ್ತಲು,
ಅದರೊಳಗೆ ಎಲ್ಲೋ ಒಂದು ಕಿವಿ
ಬಿಸಿಯಾಗುತ್ತಿರಬೇಕು.
ಆರು ಮೂವತ್ತೊಂದು.
ಶಮಂತಾ ಈಗ ಸಾರ್ ಅನ್ನುವುದು ಬಿಟ್ಟಿದ್ದಳು.
ಕೇಳದೆಯೇ ಮೆಲ್ಲಗೆ
"ಇದೆ" ಅಂದಳು.

ಮೂರು ಬೋಲ್ಟನ್ನೂ ತಿರುಗಿ ಬಿಗಿದೆ,
ರೆಂಚು ಕಟಕ್ ಅನ್ನುವವರೆಗೆ.
ಇಳಿದು ಪುಸ್ತಕದಲ್ಲಿ ಬರೆದೆ:
ಗಾಳಿ ಜಾಸ್ತಿ. ಕೆಲಸ ನಾಳೆಗೆ.

ಉಬೈದ್ ಓದಿದ.
ಸಿಲ್ವರ್ ಓಕಿನ ಒಂದು ಎಲೆಯೂ ಅಲುಗುತ್ತಿರಲಿಲ್ಲ.
ಪೆನ್ನು ಇಸಿದುಕೊಂಡು
ನನ್ನ ರುಜುವಿನ ಕೆಳಗೆ ತನ್ನದನ್ನೂ ಹಾಕಿದ.

ನಾಳೆ ಎಂಟಕ್ಕೆ ಹತ್ತುತ್ತೇನೆ.
ಬೆಳಿಗ್ಗೆ ಗಾಮಾದಲ್ಲಿ
ಎರಡೇ ಫೋನು.