ಬೆವರು ಒರೆಸುವವನು

ಅಥೆನ್ಸ್. ಆಗಸ್ಟಿನ ಭಾನುವಾರ, ಹನ್ನೊಂದರ ಪಾಳಿ.
ಅರ್ಗೀರಿಸ್ ಕಲ್ಲಿನ ಮುಂದೆ ಕಲ್ಲಾಗಿ
ಹತ್ತೊಂಬತ್ತು ನಿಮಿಷವಾಯಿತು.
ನನ್ನ ಕೆಲಸ ಸಣ್ಣದು:
ಅವನ ಬೆವರು ಒರೆಸುವುದು,
ಟೋಪಿಯ ಕುಚ್ಚನ್ನು ಭುಜದ ಮೇಲೆ ನೇರ ಇಳಿಬಿಡುವುದು,
ಸೆಲ್ಫಿಯವರನ್ನು ಎರಡು ಹೆಜ್ಜೆ ಹಿಂದಕ್ಕೆ ಕಳಿಸುವುದು.

ಅವನು ಮಾತಾಡುವಂತಿಲ್ಲ.
ನಾನು ಕಿವಿಯ ಬಳಿ ಕೇಳಬೇಕು;
ರೆಪ್ಪೆ ಒಮ್ಮೆ ಬಡಿದರೆ ಹೌದು, ಎರಡು ಸಲಕ್ಕೆ ಇಲ್ಲ.
ಇಷ್ಟೇ ನಮ್ಮ ನಿಘಂಟು.

ಮೊಳೆ ಬಡಿದ ಬೂಟು, ಒಂದೊಂದು ಕಾಲಿಗೂ
ಆಗಷ್ಟೇ ಹುಟ್ಟಿದ ಕೂಸಿನ ತೂಕ.
ಲಂಗದ ನೆರಿಗೆ ನಾನೂರಂತೆ. ಬೆಳಿಗ್ಗೆ ಇಸ್ತ್ರಿ ಹಾಕುತ್ತ ಎಣಿಸಿದೆ,
ಮುನ್ನೂರರಾಚೆ ಲೆಕ್ಕ ತಪ್ಪಿತು.

ಕಾಲಿಮ್ನೋಸ್ ದ್ವೀಪದವನು. ಅಜ್ಜ ಸ್ಪಂಜು ಕೀಳಲು
ಕಡಲ ತಳಕ್ಕೆ ಇಳಿಯುತ್ತಿದ್ದವನು.
‘ಉಸಿರು ಹಿಡಿಯುವುದು ನಮ್ಮ ಮನೆತನದ ಕಸುಬು ಕಣೋ’
ಎಂದು ರಾತ್ರಿ ಬ್ಯಾರಕ್ಕಿನಲ್ಲಿ ನಗುತ್ತಾನೆ.

ಪಾಳಿ ಶುರುವಾದ ಮೇಲೆ ನನ್ನ ಜೇಬು ಗುಂಯ್‌ಗುಟ್ಟಿತ್ತು.
ಅವನ ತಂಗಿ.
‘ಅಜ್ಜ ಮೇಲೆ ಬರಲಿಲ್ಲ’ ಎಂದಳು.
ಸತ್ತದ್ದು ಹಾಸಿಗೆಯಲ್ಲೇ; ಆದರೂ ಅವರ ಮನೆಯ ಮಾತು ಹಾಗೆ.
ಇನ್ನೂ ನಲವತ್ತೊಂದು ನಿಮಿಷ ಬಾಕಿ.

ಹಿಂದೆ ಗೋಡೆಯಲ್ಲಿ ಹೆಸರಿಲ್ಲದವನು ಮಲಗಿದ್ದಾನೆ,
ಅವನ ಸುದ್ದಿ ಯಾರ ಮನೆಗೆ ಯಾರು ಒಯ್ದರೋ.
ಕಲ್ಲಿನ ಮಂಡಿಯ ಮೇಲೊಂದು ಪಾರಿವಾಳ ಕೂತು, ಹಾರಿತು.

ಕರವಸ್ತ್ರ ಹಿಡಿದು ಹತ್ತಿರ ಹೋದೆ.
ಹಣೆ, ಮೂಗಿನ ತುದಿ, ಗದ್ದ.
‘ನೀರು ಬೇಕಾ?’
ಎರಡು ಸಲ.
‘ಕುಚ್ಚು ಚುಚ್ಚುತ್ತಾ?’
ಎರಡು ಸಲ.
ಕೇಳಲು ಮತ್ತೇನೂ ತೋಚಲಿಲ್ಲ. ಕೈ ಮಾತ್ರ
ಅವನ ಕೆನ್ನೆಯ ಮೇಲೆ ನಿಂತಿತು,
ನಿಯಮಕ್ಕಿಂತ ಒಂದು ಗಳಿಗೆ ಹೆಚ್ಚು.

ಅವನ ಕಣ್ಣು ನನ್ನನ್ನೇ ನೆಟ್ಟಿತ್ತು, ಬಡಿಯಲಿಲ್ಲ.
ನನ್ನದು ಬಡಿಯಿತು.
ಒಮ್ಮೆ.